ಒಂದೇ ವಿಳಾಸ, ಎರಡು ದನಿ: ರಿವರ್ಸ್ ಪ್ರಾಕ್ಸಿಯನ್ನು ಪತ್ತೆ ಹಚ್ಚುವ ಬಗೆ

2022ರ ಮೇ ತಿಂಗಳಲ್ಲಿ ಎಫ್5 ಕಂಪನಿ, ಸರ್ವರ್‌ಗಳ ಮುಂದೆ ನಿಂತು ಕೋರಿಕೆಗಳನ್ನು ಹಂಚುವ ತನ್ನ ಬಿಗ್-ಐಪಿ ಉಪಕರಣಗಳಲ್ಲಿ ದೊಡ್ಡ ದೋಷವೊಂದಿದೆ ಎಂದು ಪ್ರಕಟಿಸಿತು. ಸಿವಿಇ-2022-1388 ಎಂಬ ಗುರುತಿನ ಆ ದೋಷಕ್ಕೆ ತೀವ್ರತೆಯಲ್ಲಿ ಹತ್ತಕ್ಕೆ 9.8 ಅಂಕ. ಪಾಸ್‌ವರ್ಡ್ ಗೊತ್ತಿಲ್ಲದವರೂ ಉಪಕರಣದ ನಿರ್ವಾಹಕರಂತೆ ಆಜ್ಞೆ ನಡೆಸಬಹುದಿತ್ತು.

ಆ ಉಪಕರಣದ ನಿರ್ವಹಣಾ ವಿಳಾಸಕ್ಕೆ ಬರುವ ಕೋರಿಕೆಯನ್ನು ಮೊದಲು ಅಪಾಚೆ ಸರ್ವರ್ ಸ್ವೀಕರಿಸುತ್ತಿತ್ತು. ಅದರ ಹಿಂದೆ ಜಾವಾದಲ್ಲಿ ಬರೆದ ಇನ್ನೊಂದು ಸರ್ವರ್ ಇತ್ತು. ಕೋರಿಕೆಯಲ್ಲಿ ಟೋಕನ್ ಹೆಡರ್ (ಕಳಿಸಿದವರ ಗುರುತಿನ ಸಂಕೇತವಿರುವ, ಕೋರಿಕೆಯ ತಲೆಭಾಗದ ಸಾಲು) ಇದ್ದರೆ, ಅದನ್ನು ಹಿಂದಿನ ಸರ್ವರ್ ಪರಿಶೀಲಿಸುತ್ತದೆ ಎಂದುಕೊಂಡು ಅಪಾಚೆ ಒಳಗೆ ಬಿಡುತ್ತಿತ್ತು. ಟೋಕನ್ ಇಲ್ಲದ ಕೋರಿಕೆ ಬಂದರೆ, ಅಪಾಚೆ ಆಗಲೇ ಪಾಸ್‌ವರ್ಡ್ ಪರಿಶೀಲಿಸಿದೆ ಎಂದು ಜಾವಾ ಸರ್ವರ್ ನಂಬುತ್ತಿತ್ತು. ದಾಳಿಕೋರರು ‘ಕನೆಕ್ಷನ್’ ಎಂಬ ಹೆಡರ್‌ನಲ್ಲಿ ಆ ಟೋಕನ್ ಹೆಡರ್‌ನ ಹೆಸರನ್ನು ಬರೆದು ಕಳಿಸಿದರು. ಅಲ್ಲಿ ಹೆಸರಿಸಿದ ಹೆಡರ್‌ಗಳನ್ನು ಮಧ್ಯವರ್ತಿ ಸರ್ವರ್ ಮುಂದಕ್ಕೆ ಸಾಗಿಸುವ ಮುನ್ನ ತೆಗೆದುಹಾಕಬೇಕು ಎಂಬುದು ವೆಬ್‌ನ ಸಂವಹನ ಭಾಷೆಯಾದ ಎಚ್‌ಟಿಟಿಪಿಯ ನಿಯಮ. ಅಪಾಚೆ ಟೋಕನ್ ಇರುವುದನ್ನು ಕಂಡು ದಾರಿ ಬಿಟ್ಟಿತು, ಆಮೇಲೆ ನಿಯಮದಂತೆ ಅದನ್ನು ತೆಗೆದುಹಾಕಿತು. ಟೋಕನ್ ಕಾಣದ ಜಾವಾ ಸರ್ವರ್ ಬಾಗಿಲು ತೆರೆಯಿತು. ಬಿರುಕು ಇದ್ದದ್ದು ಎರಡು ತಂತ್ರಾಂಶಗಳ ನಡುವಿನ ಸಂದಿಯಲ್ಲಿ.

ಇಂಥ ಸಂದಿಯನ್ನು ಹುಡುಕಬೇಕಾದರೆ ಅಲ್ಲಿ ಎರಡು ತಂತ್ರಾಂಶಗಳಿವೆ ಎಂಬುದು ಮೊದಲು ತಿಳಿದಿರಬೇಕು. ಹೊರಗಿನಿಂದ ನೋಡುವವರಿಗೆ ಕಾಣುವುದು ಒಂದೇ ಹೆಸರು, ಒಂದೇ ಐಪಿ ವಿಳಾಸ. ಆದ್ದರಿಂದ ಜಾಲ ಭದ್ರತೆಯ ಪರೀಕ್ಷೆಗೆ ಇಳಿದವರು ಮೊದಮೊದಲಿಗೇ ಕೇಳಬೇಕಾದ ಪ್ರಶ್ನೆ: ನನಗೆ ಉತ್ತರ ಕೊಡುತ್ತಿರುವವರು ಯಾರು?

ಹೀಗೆ ಸರ್ವರ್‌ನ ಮುಂದೆ ನಿಂತು ಕೋರಿಕೆ ಸ್ವೀಕರಿಸುವ ಮಧ್ಯವರ್ತಿಯೇ ರಿವರ್ಸ್ ಪ್ರಾಕ್ಸಿ. ಅದರ ಕೆಲಸವನ್ನು ನಾಡಕಚೇರಿಯ ಕಿಟಕಿಗೆ ಹೋಲಿಸಬಹುದು. ಅರ್ಜಿ ಕೊಡುವುದು ಅಲ್ಲಿ, ಪ್ರಮಾಣಪತ್ರ ಪಡೆಯುವುದೂ ಅಲ್ಲೇ; ಒಳಗೆ ಯಾವ ಮೇಜಿಗೆ ಕಡತ ಹೋಯಿತು, ಯಾರು ಸಹಿ ಹಾಕಿದರು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕಚೇರಿಗಳಲ್ಲಿ ನೌಕರರ ಬ್ರೌಸಿಂಗ್ ಮೇಲೆ ಕಣ್ಣಿಡುವ ಸಾಮಾನ್ಯ ಪ್ರಾಕ್ಸಿ ಬಳಕೆದಾರರ ಪರವಾಗಿ ಹೊರಜಗತ್ತಿನೊಡನೆ ಮಾತನಾಡುತ್ತದೆ. ರಿವರ್ಸ್ ಪ್ರಾಕ್ಸಿ ನಿಂತಿರುವುದು ಸರ್ವರ್‌ನ ಪರವಾಗಿ. 2004ರಲ್ಲಿ ಇಗೋರ್ ಸಿಸೋಯೆವ್ ಹೊರತಂದ ಎಂಜಿನ್‌ಎಕ್ಸ್, ಎಚ್‌ಎ-ಪ್ರಾಕ್ಸಿ, ವಾರ್ನಿಶ್, ಎನ್ವಾಯ್, ಎಫ್5ನಂಥ ಉಪಕರಣಗಳು, ಕ್ಲೌಡ್‌ಫ್ಲೇರ್ ಮತ್ತು ಅಕಾಮೈನಂಥ ಸೇವೆಗಳು, ಇವೆಲ್ಲ ಈ ಕೆಲಸವನ್ನು ಬೇರೆಬೇರೆ ಪ್ರಮಾಣದಲ್ಲಿ ಮಾಡುತ್ತವೆ. ಹೊರೆ ಹಂಚುವುದು, ಪುಟಗಳ ಪ್ರತಿ ಇಟ್ಟುಕೊಂಡು ಬೇಗ ಕೊಡುವುದು, ಟಿಎಲ್‌ಎಸ್ ಗೂಢಲಿಪಿಯನ್ನು ಬಿಚ್ಚುವುದು, ಕೆಟ್ಟ ಕೋರಿಕೆಗಳನ್ನು ತಡೆಯುವುದು ಇವುಗಳ ಹೊಣೆ.

ಪರೀಕ್ಷಕರು ಇದನ್ನು ಗಮನಿಸದಿದ್ದರೆ ಆಗುವ ತೊಂದರೆ ಸಣ್ಣದಲ್ಲ. ಪೋರ್ಟ್ ಸ್ಕ್ಯಾನ್ ಮಾಡಿ (ಯಂತ್ರದ ಯಾವ ಸಂಪರ್ಕದ್ವಾರಗಳು ತೆರೆದಿವೆ ಎಂದು ನೋಡಿ) ‘80 ಮತ್ತು 443 ಮಾತ್ರ ತೆರೆದಿವೆ, ತಂತ್ರಾಂಶ ಹೊಸ ಆವೃತ್ತಿಯದು’ ಎಂದು ವರದಿ ಬರೆದರೆ, ಅದು ಮುಂದೆ ನಿಂತ ಯಂತ್ರದ ವರದಿಯಷ್ಟೇ. ಗ್ರಾಹಕರ ಮಾಹಿತಿ ಇರುವ ಹಿಂಬದಿಯ ಸರ್ವರ್ ಹಳೆಯ ಆವೃತ್ತಿಯಲ್ಲೇ ಕೊಳೆಯುತ್ತಿರಬಹುದು, ಬೇರೊಂದು ಐಪಿ ವಿಳಾಸದಲ್ಲಿ ಇಡೀ ಅಂತರಜಾಲಕ್ಕೆ ತೆರೆದುಕೊಂಡಿರಬಹುದು. ವರದಿ ಓದಿದ ಸಂಸ್ಥೆ ನಿಶ್ಚಿಂತೆಯಿಂದ ಇರುತ್ತದೆ. ಸುಳ್ಳು ನೆಮ್ಮದಿ ಕೊಡುವ ಇಂಥ ವರದಿ, ಪರೀಕ್ಷೆಯೇ ನಡೆಯದಿದ್ದ ಸ್ಥಿತಿಗಿಂತ ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಕಾರಣ ಕಾನೂನಿನದು. ಭಾರತದಲ್ಲಿ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ, ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ವ್ಯವಸ್ಥೆಗೆ ಕೈಹಾಕಿದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜಾಲತಾಣದ ಒಡೆಯರು ಲಿಖಿತ ಅನುಮತಿ ಕೊಟ್ಟಿದ್ದರೂ ಮುಂದೆ ನಿಂತಿರುವ ಪ್ರಾಕ್ಸಿ ಮೂರನೆಯ ಕಂಪನಿಯದಾಗಿದ್ದರೆ ಆ ಅನುಮತಿ ಆ ಕಂಪನಿಯ ಯಂತ್ರಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಅದರ ನಿಯಮಗಳನ್ನು ಪ್ರತ್ಯೇಕವಾಗಿ ಓದಬೇಕು. ಅಂದರೆ ಪ್ರಾಕ್ಸಿ ಇದೆಯೇ, ಅದು ಯಾರದು ಎಂದು ಸೌಮ್ಯ ವಿಧಾನಗಳಿಂದ ತಿಳಿದುಕೊಂಡ ಮೇಲೆಯೇ ಬಿರುಸಿನ ಪರೀಕ್ಷೆ ಆರಂಭವಾಗಬೇಕು.

ಸುಲಭದ ಸುಳಿವುಗಳು ಉತ್ತರದ ಹೆಡರ್‌ಗಳಲ್ಲೇ ಸಿಗುತ್ತವೆ. ‘ವಯಾ’ ಎಂಬ ಹೆಡರ್ ಇದ್ದರೆ ನಡುವೆ ಯಾರೋ ಇದ್ದಾರೆ ಎಂದೇ ಅರ್ಥ. ‘ಏಜ್’ ಹೆಡರ್ ಇದ್ದರೆ ಉತ್ತರ ಎಲ್ಲೋ ಸಂಗ್ರಹದಲ್ಲಿ ಕೂತು ಬಂದಿದೆ. ‘ಎಕ್ಸ್-ವಾರ್ನಿಶ್’ ಹೆಡರ್‌ನಲ್ಲಿ ಒಂದರ ಬದಲು ಎರಡು ಸಂಖ್ಯೆಗಳಿದ್ದರೆ ಪುಟ ವಾರ್ನಿಶ್‌ನ ಸಂಗ್ರಹದಿಂದಲೇ ಬಂತು. ಕ್ಲೌಡ್‌ಫ್ಲೇರ್ ಸೇರಿಸುವ ‘ಸಿಎಫ್-ರೇ’ ಹೆಡರ್‌ನ ತುದಿಯಲ್ಲಿ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತವಿರುತ್ತದೆ. ಕೋರಿಕೆಯನ್ನು ಬೆಂಗಳೂರಿನ ಕೇಂದ್ರ ಸ್ವೀಕರಿಸಿದ್ದರೆ ಅಲ್ಲಿ ‘ಬಿಎಲ್‌ಆರ್’ ಎಂದು ಕಾಣುತ್ತದೆ. ಆದರೆ ಹೆಡರ್ ಇಲ್ಲದಿರುವುದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಎಚ್‌ಟಿಟಿಪಿಯ ನಿಯಮಗಳನ್ನು ಹೇಳುವ ಆರ್‌ಎಫ್‌ಸಿ 9110 ಪ್ರಕಾರ, ರಿವರ್ಸ್ ಪ್ರಾಕ್ಸಿ ಒಳಗಿನ ಸರ್ವರ್‌ಗೆ ಕಳಿಸುವ ಕೋರಿಕೆಯಲ್ಲಿ ‘ವಯಾ’ ಸೇರಿಸಲೇಬೇಕು. ಬಳಕೆದಾರರಿಗೆ ಹಿಂತಿರುಗಿಸುವ ಉತ್ತರದಲ್ಲಿ ಸೇರಿಸುವುದು ಅದರ ಇಷ್ಟ. ನಮಗೆ ಕಾಣುವುದು ಉತ್ತರ ಮಾತ್ರ.

ಹೆಡರ್‌ಗಳನ್ನು ಮುಚ್ಚಿಡಬಹುದು, ಸುಳ್ಳು ಹೆಸರನ್ನೂ ಬರೆಯಬಹುದು. ಎರಡು ಬೇರೆ ತಂತ್ರಾಂಶಗಳ ಸ್ವಭಾವವನ್ನು ಒಂದೇ ಎಂಬಂತೆ ತೋರಿಸುವುದು ಮಾತ್ರ ಬಹಳ ಕಷ್ಟ. ಪತ್ತೆಯ ನಿಜವಾದ ದಾರಿ ಇರುವುದು ಅಲ್ಲಿ. ಒಂದೇ ವಿಳಾಸದಿಂದ ಎರಡು ದನಿಗಳು ಕೇಳುತ್ತಿವೆಯೇ ಎಂದು ಕಿವಿಗೊಡಬೇಕು, ಅದಕ್ಕಾಗಿ ತಪ್ಪು ಕೋರಿಕೆಗಳನ್ನು ಬೇಕೆಂದೇ ಕಳಿಸಬೇಕು.

ಇದನ್ನು ನಿಮ್ಮದೇ ಲ್ಯಾಪ್‌ಟಾಪಿನಲ್ಲಿ, ಯಾರ ಅನುಮತಿಯೂ ಬೇಡದೆ ನೋಡಬಹುದು. ಪೈಥಾನ್ ಜೊತೆಗೇ ಬರುವ ಪುಟ್ಟ ವೆಬ್ ಸರ್ವರನ್ನು 8000ನೇ ಪೋರ್ಟಿನಲ್ಲಿ ಓಡಿಸಿ, ಅದರ ಮುಂದೆ ಎಂಜಿನ್‌ಎಕ್ಸ್ ನಿಲ್ಲಿಸಿ, ಬಂದ ಕೋರಿಕೆಗಳನ್ನೆಲ್ಲ 8000ಕ್ಕೆ ಕಳಿಸುವಂತೆ ಹೊಂದಿಸಿ. ಈಗ ಆಜ್ಞಾಸಾಲಿನಿಂದ ವೆಬ್ ಕೋರಿಕೆ ಕಳಿಸುವ ಕರ್ಲ್ ಬಳಸಿ ಮುಖಪುಟವನ್ನು ಕೇಳಿದರೆ ‘ಸರ್ವರ್’ ಹೆಡರ್‌ನಲ್ಲಿ ಎಂಜಿನ್‌ಎಕ್ಸ್ ಹೆಸರು ಮಾತ್ರ ಇರುತ್ತದೆ. ಹಿಂಬದಿಯಿಂದ ಬಂದ ‘ಸರ್ವರ್’ ಮತ್ತು ‘ಡೇಟ್’ ಹೆಡರ್‌ಗಳನ್ನು ಎಂಜಿನ್‌ಎಕ್ಸ್ ಮುಂದಕ್ಕೆ ಬಿಡದೆ ತನ್ನದನ್ನೇ ಹಾಕುವುದು ಅದರ ಮೂಲ ನಡವಳಿಕೆ. ಇಲ್ಲಿಯವರೆಗೆ ಪ್ರಾಕ್ಸಿ ಚೆನ್ನಾಗಿ ಅಡಗಿದೆ.

ಇಲ್ಲದ ಪುಟವೊಂದನ್ನು ಕೇಳಿ. ಪುಟ ಸಿಗಲಿಲ್ಲವೆಂದು ಹೇಳುವ 404 ಎಂಬ ಸ್ಥಿತಿಸಂಖ್ಯೆ ಬರುತ್ತದೆ, ಹೆಡರ್‌ನಲ್ಲಿ ಮತ್ತೆ ಎಂಜಿನ್‌ಎಕ್ಸ್. ಆದರೆ ಪುಟದ ಒಡಲಲ್ಲಿ ‘ಎರರ್ ರೆಸ್ಪಾನ್ಸ್’ ಎಂಬ ಶೀರ್ಷಿಕೆ, ಕೆಳಗೆ ‘ಎರರ್ ಕೋಡ್: 404’ ಎಂಬ ಸಾಲು. ಎಂಜಿನ್‌ಎಕ್ಸ್‌ನ ದೋಷಪುಟ ಹೀಗಿರುವುದಿಲ್ಲ. ಇದು ಪೈಥಾನ್ ಸರ್ವರ್‌ನ ಮಾತು. ಇನ್ನು ವಿಳಾಸದ ನಡುವೆ ‘%00’ ಸೇರಿಸಿ ಕೇಳಿ. ಈ ಸಲ ಬರುವ 400ರ ಪುಟ ಎಂಜಿನ್‌ಎಕ್ಸ್‌ನದೇ, ಏಕೆಂದರೆ ಅಂಥ ವಿಳಾಸವನ್ನು ಅದು ಒಳಗೆ ಕಳಿಸುವುದೇ ಇಲ್ಲ. ಹತ್ತು ಸಾವಿರ ಅಕ್ಷರಗಳಷ್ಟು ಉದ್ದದ ವಿಳಾಸ ಕಳಿಸಿದರೆ 414 ಬರುತ್ತದೆ, ಅದೂ ಎಂಜಿನ್‌ಎಕ್ಸ್‌ನ ಶೈಲಿಯಲ್ಲಿ; ಅದರ ಮಿತಿ ಮೂಲತಃ 8 ಕಿಲೋಬೈಟ್, ಪೈಥಾನಿನದು 64. ಪೋಸ್ಟ್ ವಿಧಾನದಲ್ಲಿ ಕೋರಿಕೆ ಕಳಿಸಿದರೆ 501, ಮತ್ತೆ ಪೈಥಾನಿನ ಪುಟ. ಕೊನೆಗೆ ಪೈಥಾನ್ ಸರ್ವರನ್ನು ನಿಲ್ಲಿಸಿ ನೋಡಿ: ‘502 ಬ್ಯಾಡ್ ಗೇಟ್‌ವೇ’. ಹಿಂದೆ ಯಾರೂ ಇಲ್ಲದ ಸರ್ವರ್‌ಗೆ ಈ ಮಾತು ಹೇಳುವ ಪ್ರಸಂಗವೇ ಬರುವುದಿಲ್ಲ.

ಒಂದು ಸಂಜೆಯ ಈ ಅಭ್ಯಾಸದಿಂದ ಕಲಿಯುವಷ್ಟನ್ನು ಹತ್ತು ಸಿದ್ಧ ಉಪಕರಣಗಳ ಪಟ್ಟಿ ಕಲಿಸುವುದಿಲ್ಲ. ಪ್ರತಿ ದೋಷಪುಟವೂ ‘ಈ ಕೋರಿಕೆ ಎಲ್ಲಿಯವರೆಗೆ ಹೋಯಿತು’ ಎಂಬ ಮಾಹಿತಿಯನ್ನು ಹೊತ್ತು ಬರುತ್ತದೆ. ಯಾವ ಕೋರಿಕೆ ಹೊಸ್ತಿಲಲ್ಲೇ ನಿಂತಿತು, ಯಾವುದು ಒಳಗೆ ದಾಟಿತು ಎಂದು ಗುರುತು ಹಾಕುತ್ತ ಹೋದರೆ ಕಾಣದ ವ್ಯವಸ್ಥೆಯ ನಕ್ಷೆ ತಾನಾಗಿ ಮೂಡುತ್ತದೆ. ಅಪಾಚೆ ಮುಂದೆ ನಿಂತಾಗ ಚಿತ್ರ ತಲೆಕೆಳಗಾಗುತ್ತದೆ ಎಂಬುದನ್ನೂ ನೆನಪಿಡಬೇಕು: ಅದು ಹಿಂಬದಿಯ ‘ಸರ್ವರ್’ ಹೆಡರನ್ನು ಹಾಗೆಯೇ ದಾಟಿಸುತ್ತದೆ, ತಾನೇ ದೋಷ ಹೇಳಬೇಕಾದಾಗ ಮಾತ್ರ ತನ್ನ ಹೆಸರನ್ನು ಹೇಳುತ್ತದೆ. ಎಲ್ಲ ಪುಟಗಳಲ್ಲಿ ಮೈಕ್ರೋಸಾಫ್ಟ್‌ನ ಸರ್ವರ್ ಐಐಎಸ್, ಒಂದು 400ರ ಪುಟದಲ್ಲಿ ಮಾತ್ರ ಅಪಾಚೆ ಎಂದು ಕಂಡರೆ ಮುಂದೆ ಯಾರು, ಹಿಂದೆ ಯಾರು ಎಂಬುದು ಸ್ಪಷ್ಟ.

ಎಚ್‌ಟಿಟಿಪಿಯ ನಿಯಮಗಳಲ್ಲೇ ಪ್ರಾಕ್ಸಿಯನ್ನು ಮಾತನಾಡಿಸುವ ಒಂದು ಸಾಧನವಿದೆ. ‘ಮ್ಯಾಕ್ಸ್-ಫಾರ್ವರ್ಡ್ಸ್’ ಎಂಬ ಹೆಡರ್, ಕೋರಿಕೆ ಎಷ್ಟು ಮಧ್ಯವರ್ತಿಗಳನ್ನು ದಾಟಬಹುದು ಎಂದು ಹೇಳುತ್ತದೆ. ಪ್ರತಿ ಮಧ್ಯವರ್ತಿ ಅದನ್ನು ಒಂದೊಂದಾಗಿ ಕಡಿಮೆ ಮಾಡಬೇಕು. ಸೊನ್ನೆ ಕಂಡರೆ ಮುಂದೆ ಕಳಿಸದೆ ತಾನೇ ಉತ್ತರಿಸಬೇಕು. ಸೊನ್ನೆ ಹಾಕಿ ಕಳಿಸಿದಾಗಿನ ಉತ್ತರ, ಒಂದು ಹಾಕಿದಾಗಿನ ಉತ್ತರ, ಎರಡು ಹಾಕಿದಾಗಿನ ಉತ್ತರ ಇವುಗಳಲ್ಲಿ ಸ್ಥಿತಿಸಂಖ್ಯೆಯೋ ಶೀರ್ಷಿಕೆಯೋ ಬದಲಾದರೆ ನಡುವೆ ಒಬ್ಬರಿದ್ದಾರೆ. ಜಾಲವನ್ನು ಶೋಧಿಸುವ ಎನ್‌ಮ್ಯಾಪ್ ಉಪಕರಣದ ‘ಎಚ್‌ಟಿಟಿಪಿ-ಟ್ರೇಸ್‌ರೂಟ್’ ಸ್ಕ್ರಿಪ್ಟ್ ಮಾಡುವುದು ಇದನ್ನೇ. ನಿಯಮದ ಪ್ರಕಾರ ಈ ಹೆಡರ್ ಟ್ರೇಸ್ ಮತ್ತು ಆಪ್ಷನ್ಸ್ ವಿಧಾನಗಳಿಗೆ ಮೀಸಲು. ಅಪಾಚೆ ಮಾತ್ರ ಸಾಮಾನ್ಯ ಗೆಟ್ ಕೋರಿಕೆಯಲ್ಲೂ ಸೊನ್ನೆ ಕಂಡರೆ ದೋಷ ಹೇಳಿ ನಿಲ್ಲಿಸುತ್ತದೆ. ಎಂಜಿನ್‌ಎಕ್ಸ್ ಈ ಹೆಡರಿಗೆ ಕಿವಿಗೊಡುವುದಿಲ್ಲ, ಟ್ರೇಸ್ ವಿಧಾನಕ್ಕೆ ನೇರವಾಗಿ 405 ಎನ್ನುತ್ತದೆ. ಹಾಗಾಗಿ ಸ್ಕ್ರಿಪ್ಟ್ ಏನೂ ಸಿಗಲಿಲ್ಲ ಎಂದರೆ ಪ್ರಾಕ್ಸಿ ಇಲ್ಲವೆಂದು ಬರೆಯುವಂತಿಲ್ಲ.

ಕೆಲವೊಮ್ಮೆ ಪ್ರಾಕ್ಸಿಯೇ ಒಳಗಿನ ವಿಳಾಸವನ್ನು ಬರೆದು ಕೊಡುತ್ತದೆ. ಬಿಗ್-ಐಪಿ ಉಪಕರಣ ಒಬ್ಬ ಬಳಕೆದಾರರನ್ನು ಪ್ರತಿಸಲವೂ ಒಂದೇ ಹಿಂಬದಿ ಸರ್ವರಿಗೆ ಕಳಿಸಲು ‘ಬಿಗ್‌ಐಪಿ-ಸರ್ವರ್’ ಎಂದು ಆರಂಭವಾಗುವ ಹೆಸರಿನ ಕುಕಿಯೊಂದನ್ನು ಇಡುತ್ತದೆ. ಅದರ ಮೌಲ್ಯ 117642250.36895.0000 ಎಂದಿದೆ ಎಂದುಕೊಳ್ಳೋಣ. ಮೊದಲ ಸಂಖ್ಯೆಯನ್ನು 256ರಿಂದ ಭಾಗಿಸಿದರೆ ಶೇಷ 10, ಭಾಗಲಬ್ಧ 459540. ಅದನ್ನು ಮತ್ತೆ ಭಾಗಿಸಿದರೆ ಶೇಷ 20, ಭಾಗಲಬ್ಧ 1795. ಮತ್ತೊಮ್ಮೆ ಭಾಗಿಸಿದರೆ ಶೇಷ 3, ಉಳಿದದ್ದು 7. ಶೇಷಗಳನ್ನು ಸಾಲಾಗಿ ಬರೆದರೆ 10.20.3.7, ಅದೇ ಒಳಗಿನ ಸರ್ವರ್‌ನ ಐಪಿ ವಿಳಾಸ! ಎರಡನೆಯ ಸಂಖ್ಯೆ ಪೋರ್ಟ್: 36895 ಎಂದರೆ 144 ಬಾರಿ 256, ಮೇಲೆ 31. ಇವೆರಡನ್ನು ಅದಲುಬದಲು ಮಾಡಿ 31 ಬಾರಿ 256 ಮತ್ತು 144 ಎಂದು ಕೂಡಿದರೆ 8080. ಕಾಗದ ಪೆನ್ಸಿಲಿನಲ್ಲಿ ಬಿಡಿಸಬಹುದಾದ ಈ ಲೆಕ್ಕ ಪ್ರಾಕ್ಸಿಯ ಇರವನ್ನು ಸಾಬೀತು ಮಾಡುವುದರ ಜೊತೆಗೆ ಒಳಜಾಲದ ವಿಳಾಸಗಳ ಕ್ರಮವನ್ನೂ ಹೊರಗೆಡಹುತ್ತದೆ. ಕುಕಿಯನ್ನು ಗೂಢಲಿಪಿಯಲ್ಲಿ ಬರೆಯುವ ಆಯ್ಕೆ ಆ ಉಪಕರಣದಲ್ಲೇ ಇದೆ. ಅದನ್ನು ಚಾಲೂ ಮಾಡದೆ ಬಿಡಬಾರದು.

ವೆಬ್‌ಗಿಂತ ಕೆಳಗಿನ ಪದರಕ್ಕೆ ಇಳಿದರೆ ಸಮಯ ಸಾಕ್ಷಿ ಹೇಳುತ್ತದೆ. ರಿವರ್ಸ್ ಪ್ರಾಕ್ಸಿ ಟಿಸಿಪಿ ಸಂಪರ್ಕವನ್ನು ತನ್ನಲ್ಲೇ ಮುಗಿಸಿಕೊಂಡು ಒಳಗಿನ ಸರ್ವರಿಗೆ ಬೇರೊಂದು ಸಂಪರ್ಕ ಇಟ್ಟುಕೊಳ್ಳುತ್ತದೆ. ಆದ್ದರಿಂದ ಸಂಪರ್ಕ ಏರ್ಪಡಲು ಹಿಡಿಯುವ ಸಮಯ ಪ್ರಾಕ್ಸಿಯ ದೂರವನ್ನು ಹೇಳುತ್ತದೆ, ಪುಟದ ಮೊದಲ ಬೈಟ್ ಬರುವ ಸಮಯ ಪೂರ್ತಿ ಪಯಣವನ್ನು ಹೇಳುತ್ತದೆ. ಗಾಜಿನ ತಂತುವಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಸಂಪರ್ಕ 5 ಮಿಲಿಸೆಕೆಂಡಿನಲ್ಲಿ ಏರ್ಪಟ್ಟರೆ ಹೋಗಿಬರುವ ದಾರಿ ಸೇರಿ ಸಾವಿರ ಕಿಲೋಮೀಟರ್ ಮೀರುವಂತಿಲ್ಲ. ಎದುರಿಗಿರುವ ಯಂತ್ರ ಹೆಚ್ಚೆಂದರೆ 500 ಕಿಲೋಮೀಟರ್ ದೂರದಲ್ಲಿದೆ. ಪುಟ ಬರಲು 240 ಮಿಲಿಸೆಕೆಂಡ್ ಹಿಡಿದರೆ, ಅದಕ್ಕೆ ಡೇಟಾಬೇಸ್‌ನ ನಿಧಾನವೂ ಕಾರಣವಾಗಿರಬಹುದು. ಇಲ್ಲಿ ಹಿಂದಿನ ವಿಧಾನವನ್ನು ಜೋಡಿಸಬೇಕು. ಮುಂದೆ ನಿಂತ ಸರ್ವರ್ ತಾನೇ ತಿರಸ್ಕರಿಸುವ ತಪ್ಪು ಕೋರಿಕೆಗೆ ಎಷ್ಟು ಹೊತ್ತು, ಸಂಗ್ರಹದಲ್ಲಿ ಸಿಗದಂತೆ ಕೇಳಿದ ಒಂದು ಸಣ್ಣ ಚಿತ್ರಕ್ಕೆ ಎಷ್ಟು ಹೊತ್ತು ಎಂದು ಹಲವು ಬಾರಿ ಅಳೆದು, ಅತಿ ಕಡಿಮೆ ಸಮಯಗಳನ್ನು ಹೋಲಿಸಬೇಕು. ಸರಾಸರಿಯಲ್ಲಿ ಗದ್ದಲ ಹೆಚ್ಚು. ಕನಿಷ್ಠ ಸಮಯದಲ್ಲಿ ದೂರವೇ ಉಳಿಯುತ್ತದೆ.

ಪ್ಯಾಕೆಟ್‌ಗಳ ಟಿಟಿಎಲ್ (ಇನ್ನೆಷ್ಟು ರೂಟರ್‌ಗಳನ್ನು ದಾಟಬಹುದು ಎಂಬ ಎಣಿಕೆ) ಕೂಡ ಗಮನಾರ್ಹ. ಲಿನಕ್ಸ್ ಅದನ್ನು 64ರಿಂದ, ವಿಂಡೋಸ್ 128ರಿಂದ ಆರಂಭಿಸುತ್ತದೆ; ದಾರಿಯ ಪ್ರತಿ ರೂಟರ್ ಒಂದನ್ನು ಕಳೆಯುತ್ತದೆ. ಒಂದೇ ಐಪಿಯ 443ನೇ ಪೋರ್ಟಿನಿಂದ 54 ಎಂದೂ 3389ನೇ ಪೋರ್ಟಿನಿಂದ 117 ಎಂದೂ ಬಂದರೆ ಅಲ್ಲಿರುವುದು ಒಂದೇ ಯಂತ್ರವಲ್ಲ. ಪೋರ್ಟುಗಳ ಉತ್ತರ ಸಮಯದ ವ್ಯತ್ಯಾಸವನ್ನು ಅಳೆಯಲು ಎನ್‌ಮ್ಯಾಪ್‌ನಲ್ಲಿ ‘ಕ್ಯೂಸ್ಕ್ಯಾನ್’ ಎಂಬ ಸ್ಕ್ರಿಪ್ಟ್ ಇದೆ. ಟಿಎಲ್‌ಎಸ್ ಮಾತುಕತೆಯ ಶೈಲಿಯಿಂದ ಸರ್ವರನ್ನು ಗುರುತಿಸುವ ಜಾರ್ಮ್ ಎಂಬ ಸಾಧನವನ್ನು ಸೇಲ್ಸ್‌ಫೋರ್ಸ್ 2020ರಲ್ಲಿ ಮುಕ್ತವಾಗಿ ಹೊರತಂದಿತು. ಅದು ಗುರುತಿಸುವುದು ಟಿಎಲ್‌ಎಸ್ ಮುಗಿಯುವ ಯಂತ್ರವನ್ನು, ಅಂದರೆ ಸಾಮಾನ್ಯವಾಗಿ ಪ್ರಾಕ್ಸಿಯನ್ನು. ವೆಬ್ ಫೈರ್‌ವಾಲ್ ಯಾವುದೆಂದು ಹೇಳುವ ‘ವಾಫ್‌ವೂಫ್’ ಕೂಡ ಬಳಕೆಯಲ್ಲಿದೆ. ಇವೆಲ್ಲ ನೆರವಿಗೆ ಬರುತ್ತವೆ, ಆದರೆ ತೀರ್ಪು ಕೊಡಬೇಕಾದವರು ಪರೀಕ್ಷಕರೇ.

ತೀರ್ಪು ಕೊಡುವ ಮುನ್ನ ಅನುಮಾನವನ್ನು ನಮ್ಮ ಕಡೆಗೂ ತಿರುಗಿಸಬೇಕು. ‘ವಯಾ’ ಹೆಡರ್ ಸೇರಿಸಿದ್ದು ನಮ್ಮದೇ ಕಚೇರಿಯ ಪ್ರಾಕ್ಸಿ ಆಗಿರಬಹುದು, ನಡುವಿನ ಸೇವಾದಾರರ ಯಂತ್ರವೂ ಆಗಿರಬಹುದು. ಎಚ್‌ಟಿಟಿಪಿಎಸ್ ಇದ್ದರೂ ಕೆಲವು ಕಚೇರಿಗಳು ಜಾಲತಾಣದ ಗುರುತು ಹೇಳುವ ಟಿಎಲ್‌ಎಸ್ ಪ್ರಮಾಣಪತ್ರವನ್ನು ತಮ್ಮದರಿಂದ ಬದಲಿಸಿ ಒಳಗಿನದನ್ನು ಓದುತ್ತವೆ. ಪ್ರಮಾಣಪತ್ರ ನೀಡಿದವರು ಯಾರೆಂದು ನೋಡಿದರೆ ಅದು ಗೊತ್ತಾಗುತ್ತದೆ. ಕಚೇರಿಯ ಜಾಲದಿಂದ ಒಮ್ಮೆ, ಮೊಬೈಲ್ ಇಂಟರ್ನೆಟ್‌ನಿಂದ ಒಮ್ಮೆ ಅದೇ ಕೋರಿಕೆ ಕಳಿಸಿ, ಎರಡರಲ್ಲೂ ಉಳಿಯುವ ಕುರುಹುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರದಿಯಲ್ಲಿಯೂ ‘ಪ್ರಾಕ್ಸಿ ಇದೆ’ ಎಂಬ ಒಂದು ಸಾಲು ಸಾಲದು. ಯಾವ ಕೋರಿಕೆಗೆ ಯಾವ ಉತ್ತರ ಬಂತು, ಅದರಿಂದ ಏನು ಊಹಿಸಿದೆವು, ಬೇರೆ ವಿವರಣೆ ಸಾಧ್ಯವೇ ಎಂಬುದನ್ನು ಬರೆದರೆ ಓದುವ ಎಂಜಿನಿಯರರು ತಮ್ಮ ಕಡತಗಳೊಡನೆ ತಾಳೆ ನೋಡಬಹುದು.

ಪ್ರಾಕ್ಸಿ ಇದೆಯೆಂದು ಗಟ್ಟಿಯಾದ ಮೇಲೆ ಪರೀಕ್ಷೆಯ ದಿಕ್ಕು ಬದಲಾಗುತ್ತದೆ. ಒಂದೇ ಕೋರಿಕೆಯನ್ನು ಇಬ್ಬರೂ ಒಂದೇ ರೀತಿ ಓದುತ್ತಾರೆಯೇ? ಕೋರಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಒಬ್ಬರು ಅದರ ಉದ್ದವನ್ನು ಹೇಳುವ ಹೆಡರ್ ನೋಡಿ, ಇನ್ನೊಬ್ಬರು ತುಂಡುಗಳ ಗುರುತು ನೋಡಿ ನಿರ್ಧರಿಸಿದರೆ ಒಬ್ಬರ ಕೋರಿಕೆಯ ಬಾಲ ಇನ್ನೊಬ್ಬರ ಕೋರಿಕೆಗೆ ಅಂಟಿಕೊಳ್ಳುತ್ತದೆ. ರಿಕ್ವೆಸ್ಟ್ ಸ್ಮಗ್ಲಿಂಗ್ ಎಂಬ ಹೆಸರಿನ ಈ ದಾಳಿಯನ್ನು ವಾಚ್‌ಫೈರ್ ಕಂಪನಿಯ ಸಂಶೋಧಕರು 2005ರಲ್ಲೇ ವಿವರಿಸಿದ್ದರು. 2019ರಲ್ಲಿ ವೆಬ್ ಭದ್ರತಾ ಕಂಪನಿ ಪೋರ್ಟ್‌ಸ್ವಿಗರ್‌ನ ಜೇಮ್ಸ್ ಕೆಟಲ್ ಅದನ್ನು ಮತ್ತೆ ಮುನ್ನೆಲೆಗೆ ತಂದರು. ವಿಳಾಸದ ಹಾದಿಯನ್ನು ಓದುವುದರಲ್ಲೂ ಭಿನ್ನಮತವಿರುತ್ತದೆ. ‘..;’ ಎಂಬ ತುಣುಕು ಎಂಜಿನ್‌ಎಕ್ಸ್‌ಗೆ ಸಾಮಾನ್ಯ ಫೋಲ್ಡರ್ ಹೆಸರು; ಜಾವಾ ಸರ್ವರ್ ಆದ ಟಾಮ್‌ಕ್ಯಾಟ್ ಅರ್ಧವಿರಾಮದ ನಂತರದ್ದನ್ನು ಬಿಟ್ಟು ಅದನ್ನು ಮೇಲಿನ ಫೋಲ್ಡರಿಗೆ ಹೋಗುವ ಸೂಚನೆಯಾಗಿ ಓದುತ್ತದೆ. ಮುಂದೆ ನಿಂತವರು ಮುಚ್ಚಿದ್ದೇವೆ ಎಂದುಕೊಂಡ ನಿರ್ವಹಣಾ ಪುಟ ಹೀಗೆ ತೆರೆದುಕೊಳ್ಳುತ್ತದೆ. ಭದ್ರತಾ ಸಂಶೋಧಕ ಆರೆಂಜ್ ತ್ಸಾಯ್ 2018ರ ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನದಲ್ಲಿ ಇಂಥ ಭಿನ್ನಮತಗಳನ್ನು ವಿಸ್ತಾರವಾಗಿ ತೋರಿಸಿದರು.

‘ಎಕ್ಸ್-ಫಾರ್ವರ್ಡೆಡ್-ಫಾರ್’ ಹೆಡರನ್ನು ನಂಬುವ ರೀತಿಯನ್ನೂ ನೋಡಬೇಕು. ಬಳಕೆದಾರರ ನಿಜವಾದ ಐಪಿಯನ್ನು ಒಳಗಿನ ಸರ್ವರಿಗೆ ತಿಳಿಸಲು ಪ್ರಾಕ್ಸಿ ಇದನ್ನು ಬಳಸುತ್ತದೆ. ಹೊರಗಿನವರು ಇದೇ ಹೆಡರನ್ನು ತಾವೇ ಬರೆದು ಕಳಿಸಿದಾಗ ಪ್ರಾಕ್ಸಿ ಅದನ್ನು ಅಳಿಸದೆ ಪಕ್ಕದಲ್ಲಿ ತನ್ನದನ್ನು ಸೇರಿಸಿದರೆ, ಪಟ್ಟಿಯ ಮೊದಲ ವಿಳಾಸವನ್ನು ಕಣ್ಣುಮುಚ್ಚಿ ನಂಬುವ ತಂತ್ರಾಂಶ ಮೋಸಹೋಗುತ್ತದೆ. ಕಚೇರಿಯ ಐಪಿಗೆ ಮಾತ್ರ ಎಂದು ಇಟ್ಟ ಬೇಲಿ ಒಂದು ಸಾಲಿನ ಸುಳ್ಳಿಗೆ ಬೀಳುತ್ತದೆ.

ವ್ಯವಸ್ಥೆಯನ್ನು ಕಾಯುವವರ ಪಾಲಿಗೆ ಪ್ರಾಕ್ಸಿಯ ಗುರುತನ್ನು ಅಳಿಸುವುದು ಮುಖ್ಯ ಕೆಲಸವಲ್ಲ. ಅದನ್ನು ಪೂರ್ತಿ ಅಳಿಸಲಾಗದು ಎಂಬುದನ್ನು ಮೇಲಿನ ಪ್ರಯೋಗವೇ ತೋರಿಸುತ್ತದೆ. ಮೊದಲು ಆಗಬೇಕಾದದ್ದು, ಹಿಂಬದಿಯ ಸರ್ವರ್ ಪ್ರಾಕ್ಸಿಯ ಹೊರತು ಬೇರೆ ಯಾರಿಗೂ ಸಂಪರ್ಕ ಕೊಡದಂತೆ ಫೈರ್‌ವಾಲ್ ನಿಯಮ ಬರೆಯುವುದು. ಹಿಂಬದಿ ಸರ್ವರ್‌ನ ಮೂಲ ಐಪಿ, ಹೆಸರನ್ನು ಐಪಿಗೆ ಜೋಡಿಸುವ ಹಳೆಯ ಡಿಎನ್‌ಎಸ್ ದಾಖಲೆಯಲ್ಲೋ ಸಂಸ್ಥೆ ಕಳಿಸುವ ಇಮೇಲ್‌ನ ಹೆಡರ್‌ಗಳಲ್ಲೋ ಎಂದಾದರೂ ಹೊರಬೀಳುತ್ತದೆ, ಅಂತರಜಾಲವನ್ನೆಲ್ಲ ಜಾಲಾಡಿ ಪ್ರಮಾಣಪತ್ರಗಳನ್ನು ಪಟ್ಟಿ ಮಾಡುವ ಸೆನ್ಸಿಸ್‌ನಂಥ ಹುಡುಕಾಟ ಸೇವೆಗಳಲ್ಲಿಯೂ ಸಿಕ್ಕಿಬಿಡುತ್ತದೆ. ನಿಯಮ ಬರೆದ ಮೇಲೆ ಹೊರಗಿನ ಜಾಲವೊಂದರಿಂದ ಆ ಮೂಲ ಐಪಿಗೆ ನೇರವಾಗಿ, ಜಾಲತಾಣದ ಹೆಸರನ್ನೇ ಕೊಟ್ಟು ಸಂಪರ್ಕಿಸಿ ನೋಡಬೇಕು. ಸಂಪರ್ಕವೇ ಏರ್ಪಡಬಾರದು. 403 ಎಂಬ ನಿರಾಕರಣೆ ಬಂದರೂ, ಸಂಸ್ಥೆಯ ಪ್ರಮಾಣಪತ್ರ ಕಂಡರೂ ಆ ಸರ್ವರ್ ಇನ್ನೂ ಹೊರಗಿನವರೊಡನೆ ಮಾತನಾಡುತ್ತಿದೆ ಎಂದೇ ತಿಳಿದು ನಿಯಮವನ್ನು ತಿದ್ದಬೇಕು.